ಉಪಕರಣಕ್ಕೊಂದು ಒಕ್ಕಣೆ

ಕನ್ನಡ ಎಂ.ಎ. ಮಾಡಿದವನ ಬಳಿಗೆ ಬರುವ ಬರೆವಣಿಗೆಯ ಬೇಡಿಕೆಗಳೆಲ್ಲವನ್ನೂ ಬಲ್ಲೆನೆಂದು ನಾನು ತಿಳಿದಿದ್ದೆ. ಲಗ್ನಪತ್ರಿಕೆ, ನಿವೃತ್ತರಿಗೆ ಬಿನ್ನವತ್ತಳೆ, ಗಣೇಶೋತ್ಸವದ ಕರಪತ್ರ, ಹೀಗೆ. ಮಡದಿಯ ತವರಾದ ಮದ್ದೂರಿನಲ್ಲಂತೂ ನಾನು ಅಳಿಯನೆನ್ನುವುದಕ್ಕಿಂತ ಲಗ್ನಪತ್ರಿಕೆಯ ಮೇಷ್ಟ್ರೆಂದೇ ಹೆಚ್ಚು ಪ್ರಸಿದ್ಧ. ಆದರೆ ಕಳೆದ ಬೇಸಗೆಯ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ಮಂಡ್ಯಕ್ಕೆ ಬಂದು, ಮದ್ದೂರುವಡೆಯ ಪೊಟ್ಟಣವನ್ನೂ ಲ್ಯಾಪ್‌ಟಾಪನ್ನೂ ಮೇಜಿನ ಮೇಲಿಟ್ಟು, “ಸಾರ್, ಆರು ಉಪಕರಣಗಳಿಗೆ ವಿವರಣೆ ಬರೆದುಕೊಡಬೇಕು. ಓದುವುದು ಮನುಷ್ಯರಲ್ಲ, ಯಂತ್ರ” ಎಂದಾಗ ನಾನು ಕ್ಷಣಕಾಲ ಅವಾಕ್ಕಾದೆ.

ಆತನು ಹೇಳಿದ್ದರ ಸಾರಾಂಶವಿಷ್ಟು. ರೈತರ ಒಂದು ಸಂಘಕ್ಕಾಗಿ, ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರಿಸುವ ಸಹಾಯಕವೊಂದನ್ನು ಆತನು ಕಟ್ಟುತ್ತಿದ್ದನು. ಅದರೊಳಗಿರುವ ಕೃತಕ ಬುದ್ಧಿಮತ್ತೆಗೆ ಮಾತು ಬರುತ್ತದೆ. ಆದರೆ ಕನ್ನಂಬಾಡಿಯಲ್ಲಿ ಈ ದಿನ ನೀರೆಷ್ಟಿದೆಯೆಂಬುದು ಅದಕ್ಕೆ ತಾನಾಗಿ ತಿಳಿಯದು. ಅದಕ್ಕಾಗಿ ಕೆಲವು ಉಪಕರಣಗಳನ್ನು ಅದರ ಕೈಗೆ ಕೊಡುತ್ತಾರೆ. ಪ್ರತಿಯೊಂದು ಉಪಕರಣವೂ ಬೇರೊಂದು ಗಣಕದ ಬಾಗಿಲನ್ನು ತಟ್ಟುತ್ತದೆ. ಆ ಬಾಗಿಲಿಗೆ ಎಪಿಐ ಎಂದು ಹೆಸರು. ಇಂತಿಂಥ ಅಂಶಗಳನ್ನು ಇಂಥ ಕ್ರಮದಲ್ಲಿ ಕೊಟ್ಟರೆ ಇಂಥ ಉತ್ತರ ಕೊಡುತ್ತೇವೆಂಬ ಕರಾರು ಅದು. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಎಂಬ ಸಂಸ್ಥೆಯು ಇದಕ್ಕೆಲ್ಲ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಸಾಮಾನ್ಯ ಪದ್ಧತಿಯೊಂದನ್ನು ಪ್ರಕಟಿಸಿತಂತೆ. ಅದರಲ್ಲಿ ಉಪಕರಣಕ್ಕೆ ಒಂದು ಹೆಸರು, ಒಂದು ವಿವರಣೆ, ಕೊಡಬೇಕಾದ ಅಂಶಗಳ ನಮೂನೆ ಇರುತ್ತವೆ. ಒಳಗಿನ ಯಂತ್ರೋಪಾಯವು ಬುದ್ಧಿಮತ್ತೆಯ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಬಾಗಿಲು ತಟ್ಟಬೇಕೆಂಬುದನ್ನು ಅದು ಈ ಒಕ್ಕಣೆಯನ್ನು ಓದಿಯೇ ನಿರ್ಧರಿಸಬೇಕು.

ನನಗೆ ಥಟ್ಟನೆ ಒಂದು ಕಚೇರಿಯ ನೆನಪಾಯಿತು. ‘ಸಂಬಂಧಪಟ್ಟವರು ಇಲ್ಲಿ ವಿಚಾರಿಸುವುದು’ ಎಂಬ ಒಂದೇ ಬಗೆಯ ಹಲಗೆ ಮೂರು ಕಿಂಡಿಗಳ ಮೇಲೂ ತೂಗುತ್ತಿತ್ತು. ಅಲ್ಲಿ ಒಂದು ಇಡೀ ಬೆಳಗು ತಪ್ಪು ಸಾಲಿನಲ್ಲಿ ನಿಂತು ಬಂದವನು ನಾನು.

ಆದರೂ ಅಭ್ಯಾಸಬಲ ನೋಡಿ. ನಾನು ಬರೆದ ಮೊದಲ ಒಕ್ಕಣೆ ಹೀಗಿತ್ತು: ‘ಕೃಷಿಕನಿಗೆ ಭೂಮಿಯ ಸಂಬಂಧವಾದ ಸಮಸ್ತ ಮಾಹಿತಿಯನ್ನೂ ಒದಗಿಸುವ ಸಾಧನ.’ ಓದಲು ಗಂಭೀರವಾಗಿಯೇ ಇತ್ತು. ಶಿಷ್ಯನು ಅದನ್ನು ಯಂತ್ರಕ್ಕೆ ಉಣಿಸಿ, “ಕಟ್ಟೆಯಲ್ಲಿ ನೀರೆಷ್ಟು?” ಎಂದು ಕೇಳಿದನು. ಯಂತ್ರವು ನೀರಿನ ಉಪಕರಣವನ್ನು ಬಿಟ್ಟು ಪಹಣಿಯ ಉಪಕರಣದ ಬಾಗಿಲನ್ನು ತಟ್ಟಿ, ಸರ್ವೆ ನಂಬರು ಕೊಡಿರೆಂದು ನಮ್ಮನ್ನೇ ಕೇಳಿತು. ‘ಸಮಸ್ತ’ ಎಂಬ ಪದದೊಳಗೆ ಕನ್ನಂಬಾಡಿ ಕಟ್ಟೆಯೂ ಅಡಗಬಹುದೆಂದು ಅದು ತಿಳಿದಿದ್ದರೆ ತಪ್ಪು ಯಾರದು? ಶಿಷ್ಯನು ವಿನಯದಿಂದ, “ಉಪಯೋಗವಿಲ್ಲದ ವಿಶೇಷಣ ಹೊಡೆದುಹಾಕಿ ಎಂದು ನೀವೇ ನಮ್ಮ ಪ್ರಬಂಧಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದಿರಿ, ಸಾರ್” ಎಂದನು.

ಅಲ್ಲಿಂದ ಮುಂದೆ ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಹೆಚ್ಚು. ‘ಮಂಡ್ಯ’ ಎಂದರೆ ಯಾವುದು? ಜಿಲ್ಲೆಯೂ ಮಂಡ್ಯ, ತಾಲ್ಲೂಕೂ ಮಂಡ್ಯ, ನಾನು ಬಾಡಿಗೆ ಕಟ್ಟುವ ನಗರವೂ ಮಂಡ್ಯ. ಮಂಡ್ಯದಲ್ಲಿ ಮಳೆಯೆಷ್ಟೆಂದರೆ ಯಂತ್ರವು ಯಾವ ಮಂಡ್ಯವನ್ನು ಹಿಡಿಯಬೇಕು? ಸರ್ವೆ ನಂಬರೊಂದಿದ್ದರೆ ಸಾಲದು, ಅದೇ ನಂಬರು ಊರೂರಿಗೂ ಇರುತ್ತದೆ. ಹೋಬಳಿ, ಗ್ರಾಮ, ಹಿಸ್ಸಾ ಬೇಕು. ಕಟ್ಟೆಯ ಮಟ್ಟ ಅಡಿಗಳಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಕ್ಯೂಸೆಕ್ಸ್‌ನಲ್ಲಿ. ತುಂಬಿದಾಗ ಮಟ್ಟ 124.80 ಅಡಿಯೆಂದು ನಮ್ಮ ಕಡೆಯ ಮಕ್ಕಳೂ ಬಲ್ಲರು, ಆದರೆ ಯಂತ್ರಕ್ಕೆ ಬರಿಯ ಅಂಕಿ ಕೊಟ್ಟರೆ ಅದು ಅಡಿಯನ್ನು ಟಿಎಂಸಿಯೆಂದು ಸಾರೀತು. ಮಳೆಯ ಉಪಕರಣದ್ದು ಇನ್ನೊಂದು ತೊಡಕು. ಮಾಪಕದಿಂದ ವರದಿ ಬಾರದ ದಿನ ಉತ್ತರ ಬರಿದಾಗಿರುತ್ತದೆ. ‘ವರದಿ ಬಂದಿಲ್ಲ’ ಎಂಬುದು ಬೇರೆ, ‘ಮಳೆ ಬಂದಿಲ್ಲ’ ಎಂಬುದು ಬೇರೆ. ಬಿತ್ತನೆಗೆ ಕಾದು ಕುಳಿತವನಿಗೆ ಈ ಎರಡಕ್ಕಿರುವ ಅಂತರ ಸಣ್ಣದಲ್ಲ. ಅದನ್ನೂ ಬಿಡಿಸಿ ಬರೆದೆ.

ಸಂಜೆಯ ಹೊತ್ತಿಗೆ ಪರೀಕ್ಷೆಗೆಂದು ಮಳವಳ್ಳಿಯ ಕಡೆಯ ನಮ್ಮೂರಿನಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡಿ, ಯಂತ್ರದೊಡನೆ ಮಾತನಾಡಿಸಿದೆವು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತಂದೆಗೂ ಚಿಕ್ಕಪ್ಪನಿಗೂ ಆದ ಪಾಲುಪಟ್ಟಿಯಲ್ಲಿ ‘ಬಾವಿಯ ಪಕ್ಕದ ಜಾಗ’ ಎಂದು ಬರೆದಿತ್ತು. ಯಾವ ಪಕ್ಕವೆಂದು ಬರೆದವರು ಹೇಳಲಿಲ್ಲ. ಆ ಒಂದು ಪದಕ್ಕಾಗಿ ಅಣ್ಣತಮ್ಮಂದಿರು ಒಂಬತ್ತು ವರ್ಷ ಮಾತು ಬಿಟ್ಟರು. ನನ್ನ ಮದುವೆಯಲ್ಲಿ ಚಿಕ್ಕಪ್ಪ ಊಟಕ್ಕೆ ಕೂರದೆ ಅಕ್ಷತೆ ಹಾಕಿ ಹೊರಟುಹೋದದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಚಿಕ್ಕಪ್ಪ ರೂಢಿಯಂತೆ, “ಎರಡು ಇಪ್ಪತ್ತು ಜಮೀನು, ಭತ್ತಕ್ಕೆ ಗೊಬ್ಬರ ಎಷ್ಟಾಯ್ತದೆ?” ಎಂದು ಕೇಳಿದರು. ಎರಡು ಎಕರೆ ಇಪ್ಪತ್ತು ಗುಂಟೆಯೆಂದು ಇದರ ಅರ್ಥ. ಕಾಗದದಲ್ಲಿ 2-20 ಎಂದು ಬರೆಯುತ್ತಾರೆ. ಎಕರೆಗೆ ನಲವತ್ತು ಗುಂಟೆಯಾದುದರಿಂದ ಅದು ಸರಿಯಾಗಿ ಎರಡೂವರೆ ಎಕರೆ. ನನ್ನ ಒಕ್ಕಣೆಯಲ್ಲಿದ್ದುದು ‘ವಿಸ್ತೀರ್ಣ, ಎಕರೆಗಳಲ್ಲಿ’ ಎಂದಷ್ಟೇ. ಯಂತ್ರವು 2.20 ಎಂದು ಕಳುಹಿಸಿತು. ಲೆಕ್ಕದ ಉಪಕರಣವು ಅದನ್ನು ದಶಾಂಶವೆಂದೇ ಗ್ರಹಿಸಿ, ಎರಡು ಎಕರೆ ಎಂಟು ಗುಂಟೆಗೆ ಇಷ್ಟು ಗೊಬ್ಬರವೆಂದು ಬಲು ಮರ್ಯಾದೆಯಿಂದ ತಿಳಿಸಿತು.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಚಿಕ್ಕಪ್ಪ, “ಉಳಿದ ಹನ್ನೆರಡು ಗುಂಟೆ ಯಾರ ಪಾಲಿಗೆ ಹಾಕ್ದೆ, ಮಗ?” ಎಂದರು.

ಅವರು ನಗುತ್ತಿದ್ದರೋ ಇಲ್ಲವೋ ಫೋನಿನಲ್ಲಿ ನನಗೆ ತಿಳಿಯಲಿಲ್ಲ. ಬರೆದವನು ನಾನೆಂದು ಒಪ್ಪಿಕೊಂಡೆ. ಶಿಷ್ಯನು ಕಾಫಿ ಕುಡಿಯುತ್ತಿದ್ದವನು ಲೋಟವನ್ನು ಕೆಳಗಿಟ್ಟುಬಿಟ್ಟನು.

ರಾತ್ರಿ ಮತ್ತೆ ಬರೆದೆ: ‘ಭತ್ತದ ಬೆಳೆಗೆ ಬೇಕಾಗುವ ಗೊಬ್ಬರವನ್ನು ಲೆಕ್ಕ ಹಾಕುತ್ತದೆ. ಬೇರೆ ಬೆಳೆಗೆ ಬಳಸಬಾರದು. ಎಕರೆಯನ್ನೂ ಗುಂಟೆಯನ್ನೂ ಬೇರೆಬೇರೆಯಾಗಿ ಕೊಡಬೇಕು. ಗುಂಟೆ 0ರಿಂದ 39ರೊಳಗಿನ ಅಂಕಿ. ರೈತನು ಎರಡು ಇಪ್ಪತ್ತು ಎಂದರೆ ಎಕರೆ 2, ಗುಂಟೆ 20. ಸಂದೇಹವಿದ್ದರೆ ಊಹಿಸದೆ ರೈತನನ್ನೇ ಕೇಳಬೇಕು.’ ಇದರಲ್ಲಿ ಸಾಹಿತ್ಯವೆಂಬುದು ಎಳ್ಳಷ್ಟೂ ಇಲ್ಲ. ಆದರೂ ಇದಕ್ಕೆ ಪಟ್ಟ ಶ್ರಮವನ್ನು ಯಾವ ಬಿನ್ನವತ್ತಳೆಗೂ ನಾನು ಪಟ್ಟಿಲ್ಲ.

ಬೆಳಗ್ಗೆ ಅದನ್ನು ಯಂತ್ರಕ್ಕೆ ಕೊಡುವ ಮೊದಲು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ಸಮಾಧಾನವಾಗಿ ಕೇಳಿ, “ಖರಾಬು ಸೇರ್ಸಿಯೋ, ಕಳ್ದೋ?” ಎಂದರು. ಸರ್ವೆ ನಂಬರಿನೊಳಗೇ ಇದ್ದು ಉಳುಮೆಗೆ ಬಾರದ ಬಂಡೆ, ಹಳ್ಳಗಳ ಜಾಗಕ್ಕೆ ಖರಾಬೆಂದು ಹೆಸರು. ಪಹಣಿಯಲ್ಲಿ ಅದನ್ನು ಬೇರೆಯಾಗಿಯೇ ತೋರಿಸಿರುತ್ತಾರೆ. ಅದಕ್ಕೆ ಗೊಬ್ಬರ ಹಾಕುವವರುಂಟೇ? ನನಗೆ ಇದು ಹೊಳೆದೇ ಇರಲಿಲ್ಲ.

ಕಾಲೇಜಿಗೆ ಹೊತ್ತಾಗುತ್ತಿತ್ತು. ಫೋನನ್ನು ಹಿಡಿದುಕೊಂಡೇ ಹಾಳೆಯನ್ನು ಮತ್ತೆ ಎಳೆದುಕೊಂಡೆ. “ಹೇಳು ಚಿಕ್ಕಪ್ಪ, ಬರ್ಕೋತೀನಿ” ಎಂದೆ.