ಮೂವರು ಬರೆದ ಒಂದೇ ವಾಕ್ಯ

ಕಳೆದ ತಪಸ್ಸುಕಾಲದಲ್ಲಿ ನಮ್ಮ ಬೈಬಲ್ ಅಧ್ಯಯನ ಕೂಟಕ್ಕೆ ಬಂದಿದ್ದ ಕಾಲೇಜು ತರುಣನೊಬ್ಬ ಹಿಂಜರಿಯುತ್ತಲೇ ಕೇಳಿದ: "ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಅವೇ ಮಾತುಗಳಿವೆಯಲ್ಲ ಸರ್, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದರೇ?" ಹಿರಿಯರೊಬ್ಬರು ಅಂಥ ಪ್ರಶ್ನೆ ಬೇಡವೆಂದರು. ನನಗೆ ಮಾತ್ರ ಅದು ಕೇಳಲೇಬೇಕಾದ ಪ್ರಶ್ನೆಯೆನಿಸಿತು. ಇಂಥವರ ಬಾಯಿ ಮುಚ್ಚಿಸಿದರೆ ಮುಂದಿನ ವಾರ ಅವರು ಬರುವುದಿಲ್ಲ.

ಹೊಸಪೇಟೆಯವರಾದ ನಮಗೆ ಇದಕ್ಕೊಂದು ಅಳತೆಗೋಲು ಊರಿನಲ್ಲೇ ಇದೆ. ಕೃಷ್ಣದೇವರಾಯನು ನಾಗಲಾಪುರದ, ಅಂದರೆ ಇಂದಿನ ಹೊಸಪೇಟೆಯ, ಬಳಿ ಕಟ್ಟಿಸಿದ ದೊಡ್ಡ ಕೆರೆಯ ವೃತ್ತಾಂತವನ್ನು ಇಬ್ಬರು ಪೋರ್ಚುಗೀಸರು ಬರೆದಿಟ್ಟಿದ್ದಾರೆ. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ಕೆಲಸ ನಡೆಯುವುದನ್ನು ಕಣ್ಣಾರೆ ಕಂಡವನು. ನ್ಯೂನಿಜ್ ಬರೆದದ್ದು ಸುಮಾರು ಹದಿನೈದು ವರ್ಷಗಳ ತರುವಾಯ. ಕಟ್ಟಿದ್ದು ಕುಸಿಯಿತು, ಪುರೋಹಿತರ ಸಲಹೆಯಂತೆ ನರಬಲಿಯಾಯಿತು ಎಂದು ಇಬ್ಬರೂ ಹೇಳುತ್ತಾರೆ. ಪಾಯಸನ ಪ್ರಕಾರ ಬಲಿಯಾದವರು 60 ಮಂದಿ, ಜೊತೆಗೆ ಕುದುರೆಗಳು, ಕೋಣಗಳು. ನ್ಯೂನಿಜನ ಪ್ರಕಾರ ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳು. ಗೋವೆಯಿಂದ ಬಂದ ಕಲ್ಲುಕೆಲಸದವನು ಸುಣ್ಣ ಬೇಕೆಂದಾಗ ಅರಸನು ನಕ್ಕ ಪ್ರಸಂಗ ನ್ಯೂನಿಜನಲ್ಲಿದೆ. ಸಂಗತಿ ಒಂದೇ, ವಾಕ್ಯಗಳು ಬೇರೆ ಬೇರೆ. ಇಬ್ಬರು ತಾವು ಕಂಡುಕೇಳಿದ್ದನ್ನು ತಮ್ಮ ತಮ್ಮ ಮಾತಿನಲ್ಲಿ ಬರೆದರೆ ಹೀಗಿರುತ್ತದೆ.

ಶುಭಸಂದೇಶಗಳಲ್ಲಿ ಹೀಗಿಲ್ಲ. ಪಾರ್ಶ್ವವಾಯು ರೋಗಿಯ ಪ್ರಸಂಗವನ್ನೇ ನೋಡಿ (ಮತ್ತಾಯ 9, ಮಾರ್ಕ 2, ಲೂಕ 5). ಯೇಸುಸ್ವಾಮಿ ಧರ್ಮಶಾಸ್ತ್ರಿಗಳಿಗೆ ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಬರೆದವರು ನಡುವೆ ಬಾಯಿಹಾಕಿ, ಸ್ವಾಮಿ ಈಗ ರೋಗಿಯ ಕಡೆ ತಿರುಗಿದರೆಂದು ತಿಳಿಸುತ್ತಾರೆ. ಅನಂತರ ಎದ್ದೇಳೆಂಬ ಅಪ್ಪಣೆ. ಮೂವರೂ ಬಾಯಿಹಾಕುವುದು ಒಂದೇ ಜಾಗದಲ್ಲಿ! ಕೇಳಿದ ಮಾತು ಮೂವರ ನೆನಪಿನಲ್ಲಿ ಒಂದೇ ರೀತಿ ಉಳಿದೀತು. ಬರೆಯುವವರ ಈ ತಡೆ ಹಾಗೆ ಉಳಿಯುವುದು ಕಷ್ಟ. ಬರೆದದ್ದೊಂದು ಎದುರಿಗಿತ್ತೆಂದೇ ತಿಳಿಯಬೇಕು.

ಅದು ಮಾರ್ಕರದೆಂಬುದು ಬಹುಪಾಲು ವಿದ್ವಾಂಸರ ಅಭಿಮತ. ಅವರ 661 ವಚನಗಳಲ್ಲಿ ಸುಮಾರು 600ರ ಸಾರ ಮತ್ತಾಯರಲ್ಲಿದೆ. ಮಾರ್ಕರಲ್ಲಿಲ್ಲದೆ ಮತ್ತಾಯ, ಲೂಕರಿಬ್ಬರಲ್ಲೇ ಇರುವ ಬೋಧನೆಗಳಿಗೆ 'ಕ್ಯೂ' ಎಂಬ ಇನ್ನೊಂದು ಮೂಲವನ್ನು ಹಲವರು ಊಹಿಸುತ್ತಾರೆ. ಅದರ ಪ್ರತಿ ಎಲ್ಲಿಯೂ ದೊರೆತಿಲ್ಲ. ಲೂಕರಂತೂ ತಮಗಿಂತ ಮುಂಚೆ ಅನೇಕರು ಬರೆದಿದ್ದಾರೆಂದು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತಾರೆ. ಅವರೇ ಮುಚ್ಚಿಡದ್ದನ್ನು ನಾವೇಕೆ ಮುಚ್ಚಿಡಬೇಕು?

ಆದರೂ ಅವರು ಬರಿಯ ನಕಲುಗಾರರಲ್ಲ. ಮಾರ್ಕರಲ್ಲಿ ನಾಲ್ವರು ಮಾಳಿಗೆಯನ್ನು ಅಗೆದು ರೋಗಿಯನ್ನು ಇಳಿಸುತ್ತಾರೆ. ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕಂಡವರಿಗೆ ಅದು ಕಣ್ಣಿಗೆ ಕಟ್ಟುತ್ತದೆ. ಲೂಕರು ಅದನ್ನು ಹೆಂಚಿನ ಮನೆಯಾಗಿಸಿದರು, ಬಹುಶಃ ತಮ್ಮ ಓದುಗರಿಗೆ ತಿಳಿಯಲೆಂದು. ಮತ್ತಾಯರು ಮಾಳಿಗೆಯ ಸುದ್ದಿಯನ್ನೇ ಬಿಟ್ಟರು.

ಇಂಥ ಭೇದಗಳನ್ನು ಅಳಿಸಲು ದಾರಿಯಿತ್ತು. ಕ್ರಿ.ಶ. 170ರ ಸುಮಾರಿಗೆ ತಾತಿಯಾನನು ನಾಲ್ಕು ಶುಭಸಂದೇಶಗಳನ್ನೂ ಹೆಣೆದು ಒಂದೇ ಕಥನವಾಗಿಸಿದ. ಸಿರಿಯಾದ ಕಡೆಯ ಚರ್ಚುಗಳಲ್ಲಿ ಅದನ್ನೇ ಬಹುಕಾಲ ಓದುತ್ತಿದ್ದರು. ಐದನೆಯ ಶತಮಾನದಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಥಿಯೊಡೊರೆಟರು ತಮ್ಮ ಧರ್ಮಕ್ಷೇತ್ರದಲ್ಲಿ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ವರ ನಾಲ್ಕು ಶುಭಸಂದೇಶಗಳನ್ನು ಬೇರೆ ಬೇರೆಯಾಗಿಯೇ ಇಡಿಸಿದರು.