ಹಬ್ಬದ ಮನೆಯಲ್ಲೊಂದು ಮೂಲೆ

ನಮ್ಮ ವಿಜಯಪುರದವರ ಪ್ರೀತಿಗೆ ದನಿ ಜಾಸ್ತಿ, ಕೈಯೂ ಜಾಸ್ತಿ. ಮನೆಗೆ ಬಂದ ಕೂಸಿನ ಗಲ್ಲ ಹಿಂಡದಿದ್ದರೆ ಅದು ಬಂದದ್ದೇ ಲೆಕ್ಕಕ್ಕಿಲ್ಲ. "ಯಾಕೋ ತಮ್ಮಾ, ಮಾತಾಡವಲ್ಲಿ? ನಾ ಯಾರ ಹೇಳು ನೋಡೂಣು" ಎಂದು ಒಬ್ಬರು, "ಸಾಲ್ಯಾಗ ಕಲಿಸಿದ ಹಾಡು ಹೇಳು" ಎಂದು ಇನ್ನೊಬ್ಬರು, "ಬ್ಯಾಡ ಅಂದ್ರ ಬಿಡಬ್ಯಾಡ್ರಿ, ಇನ್ನೊಂದು ಹಾಕ್ರಿ" ಎಂದು ಮತ್ತೊಬ್ಬರು. ಇದಕ್ಕೆಲ್ಲ ಹಿಗ್ಗುವ ಮಕ್ಕಳಿದ್ದಾರೆ. ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವ ಮಕ್ಕಳೂ ಇದ್ದಾರೆ. ನನ್ನ ತಂಗಿಯ ಮಗ ಈ ಎರಡನೆಯವರ ಪೈಕಿ. ವೈದ್ಯರು ಆಟಿಸಂ ಅಂದರು; ಬಳಗ ಹಟ ಅನ್ನುತ್ತದೆ. "ತಾಯಿ ಸಲಿಗಿ ಕೊಟ್ಟು ಕೆಡಿಸ್ಯಾಳ" ಎಂಬ ಮಾತು ಸರಿಯಾಗಿ ಅವಳ ಕಿವಿಗೆ ಬೀಳುವಷ್ಟು ಸಣ್ಣ ದನಿಯಲ್ಲಿ ಬರುತ್ತದೆ.

ಇಂಥ ಮಕ್ಕಳ ಕಿವಿ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ನಮ್ಮೂರಿನವರು ದೂರ ಹೋಗಬೇಕಿಲ್ಲ. 1656ರಲ್ಲಿ ಕಟ್ಟಿ ಮುಗಿಸಿದ ಗೋಳಗುಮ್ಮಟದ ಮೇಲಿನ ಸುತ್ತುಗಟ್ಟೆಗೆ ಹತ್ತಿದರೆ ಸಾಕು. ಅಲ್ಲಿ ಒಬ್ಬ ಪಿಸುಗುಟ್ಟಿದ್ದು ಎದುರು ಗೋಡೆಯವನಿಗೆ ಕೇಳುತ್ತದೆ, ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಬರುತ್ತದೆ. ನಾವು ಐದು ನಿಮಿಷ ಕೂಗಾಡಿ ಕೆಳಗಿಳಿಯುತ್ತೇವೆ. ಈ ಹುಡುಗನಿಗೆ ಪ್ರತಿಯೊಂದು ಮದುವೆ, ಜಾವಳ, ಹುಟ್ಟುಹಬ್ಬವೂ ಗೋಳಗುಮ್ಮಟವೇ, ಇಳಿಯಲು ಮೆಟ್ಟಿಲು ಮಾತ್ರ ಕಾಣುವುದಿಲ್ಲ. ಶಬ್ದ, ಬೆಳಕು, ಸ್ಪರ್ಶಗಳು ಇಂಥವರಿಗೆ ಅತಿಯಾಗಿಯೋ ಕಡಿಮೆಯಾಗಿಯೋ ತಾಕಬಹುದು ಎಂಬುದನ್ನು ಅಮೆರಿಕದ ಮನೋವೈದ್ಯರ ಸಂಘ ಕೂಡ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ತಾಯಂದಿರಿಗೆ ಅದು ಮೊದಲೇ ಗೊತ್ತಿತ್ತು.

ನಮ್ಮ ಓಣಿಯಲ್ಲಿ ನಿವೃತ್ತರಾದ ಅಕ್ಕೋರೊಬ್ಬರಿದ್ದಾರೆ, ಕ್ರೈಸ್ತರು. ಡಿಸೆಂಬರ್ ಬಂತೆಂದರೆ ಅವರ ಮನೆ ಮುಂದೆ ನಕ್ಷತ್ರ ತೂಗುತ್ತದೆ, ಒಳಗೆ ಗೋದಲಿ ಸಿದ್ಧವಾಗುತ್ತದೆ, ಓಣಿಗೆಲ್ಲ ಕರ್ಚಿಕಾಯಿ, ಶಂಕರಪಾಳಿ, ಕೇಕು. ಛತ್ರದಲ್ಲಿ ಜಾಗ ಸಿಗದೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಹಬ್ಬಕ್ಕೆ ನಾವು ಯಾಕಿಷ್ಟು ಸ್ಪೀಕರ್ ಹಚ್ಚುತ್ತೇವೋ ಎಂದು ಅವರೇ ನಗುತ್ತಾರೆ. ಈ ಸಲ ಅಕ್ಕೋರು ತಂಗಿಗೆ ಮೊದಲೇ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅವಗ ಏನೇನ್ ಆಗಿಬರೂದಿಲ್ಲ, ಹೇಳವ್ವಾ."

ತಂಗಿ ಹೇಳಿದಳು. ಮಿಣುಕುವ ಸೀರಿಯಲ್ ಸೆಟ್ ಆಗದು. ಅಕ್ಕೋರು ಅದನ್ನು ಮಿಣುಕದೆ ಉರಿಯುವಂತೆ ತಿರುಗಿಸಿದರು. ಬಲೂನು ಒಡೆಯುವುದು ಆಗದು, ಬಲೂನೇ ಕಟ್ಟಲಿಲ್ಲ. ಸಾಂತಾ ಮುಖವಾಡದವನು ಹುಡುಗನ ಎದುರಿಗೇ ಮುಖವಾಡ ಹಾಕಿಕೊಂಡ, ಒಳಗಿರುವವನು ಯಾರೆಂದು ತಿಳಿಯಲಿ ಅಂತ. ಹಿಂದಿನ ದಿನವೇ ಮನೆಯ, ಬರುವವರ ಫೋಟೋ ಮೊಬೈಲಿಗೆ ಬಂದವು. ಹಾಡಿನ ಮೇಳ ರಾತ್ರಿ ಬರುತ್ತದೆ, ನೀವು ನಾಲ್ಕಕ್ಕೇ ಬನ್ನಿ ಎಂದರು. ಹಿಂದಿನ ಕೋಣೆಯ ಕದ ಮುಂದೆ ಮಾಡಿ, ಅಲ್ಲೊಂದು ಚಾಪೆ ಹಾಸಿ, "ಇದು ನಿನ್ನ ಜಾಗಾ, ಬ್ಯಾಸರಾದ್ರ ಇಲ್ಲಿ ಬಾ, ಯಾರೂ ಕರಿಯೂದಿಲ್ಲ" ಎಂದು ಅವನಿಗೇ ತೋರಿಸಿದರು.

ಕೇಕಿನದೊಂದು ಪಂಚಾಯಿತಿ ಇತ್ತು. ಟಿಕೋಟಾ ಕಡೆಯ ದ್ರಾಕ್ಷಿ ತೋಟಗಳಲ್ಲಿ ಫೆಬ್ರುವರಿ, ಮಾರ್ಚ್‌ನಲ್ಲಿ ಗೊನೆ ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಲರಿಯ ಮೇಲೆ ಎರಡು ವಾರ ನೆರಳಲ್ಲಿ ಒಣಗಿಸುತ್ತಾರೆ. ಆ ಒಣದ್ರಾಕ್ಷಿ ಅಂದರೆ ಹುಡುಗನಿಗೆ ಪ್ರಾಣ. ಕೇಕೂ ತಿಂದಾನು. ಕೇಕಿನೊಳಗೆ ದ್ರಾಕ್ಷಿ ಸಿಕ್ಕರೆ ಮಾತ್ರ ಉಗುಳುತ್ತಾನೆ. ಮೆತ್ತಗಿನದರ ನಡುವೆ ಅಂಟಂಟು ಸಿಗುವುದು ಇಂಥ ಎಷ್ಟೋ ಮಕ್ಕಳಿಗೆ ನಾಲಿಗೆಯ ಮೇಲೆ ಮೋಸವಾದಂತೆ. ಅಕ್ಕೋರು ದ್ರಾಕ್ಷಿಯನ್ನು ಬೇರೆ ಬಟ್ಟಲಲ್ಲಿಟ್ಟು, ಬರಿ ಕೇಕಿನ ತುಂಡೊಂದನ್ನು ಬೇರೆ ಇಟ್ಟರು.

"ಒಬ್ಬನ ಸಲುವಾಗಿ ಇಷ್ಟೆಲ್ಲಾ?" ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಉತ್ತರ ಅದೇ ಓಣಿಯಲ್ಲಿ ಓಡಾಡುತ್ತಿತ್ತು. ಡಿಸೆಂಬರ್‌ನಲ್ಲಿ ಅಯ್ಯಪ್ಪನ ಮಾಲೆ ಹಾಕಿದವನ ತಟ್ಟೆ ಬೇರೆ, ಹಾಸಿಗೆ ಬೇರೆ; ಅವನಿಗೆ ಸಿಟ್ಟು ಬರದಂತೆ ಮನೆಮಂದಿಯೆಲ್ಲ ಮೆಲ್ಲಗೆ ಮಾತಾಡುತ್ತಾರೆ. ಮಡಿಯಲ್ಲಿರುವ ಅಜ್ಜಿಯನ್ನು ಮುಟ್ಟುವುದಿಲ್ಲ, ಒಪ್ಪತ್ತು ಮಾಡುವ ಅತ್ತಿಗೆಗೆ ಒತ್ತಾಯ ಮಾಡುವುದಿಲ್ಲ. ಯಾರಿಗೂ ಅವಮಾನವೆನಿಸುವುದಿಲ್ಲ. ದೇವರ ಹೆಸರಿನಲ್ಲಿ ಕೊಡುವ ಸವಲತ್ತನ್ನು ನರಗಳ ಹೆಸರಿನಲ್ಲಿ ಕೇಳಿದರೆ ಮಾತ್ರ ಹಟ!

ಮೌನದ ಕೂಟ ನಮಗೆ ಹೊಸದೂ ಅಲ್ಲ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಬೆಳಗಿನ ಪ್ರವಚನಕ್ಕೆ ಕೂತರೆ ಸಾವಿರಾರು ಮಂದಿಯ ನಡುವೆ ಯಾರೋ ಕೆಮ್ಮಿದ್ದೂ ಕೇಳುತ್ತಿತ್ತು. ಅವರದು ಕಿಸೆಯಿಲ್ಲದ ಬಿಳಿ ಅಂಗಿ, ಮಿತವಾದ ಮಾತು. 2018ರಲ್ಲಿ ಬಂದ ಪದ್ಮಶ್ರೀಯನ್ನೂ ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಗಟ್ಟಲೆ ಜನ ಸಾಲು ಹಿಡಿದು ನಿಂತರು. ಅಂದರೆ ಗದ್ದಲವಿಲ್ಲದೆ ಸೇರುವುದು ನಮಗೆ ಬರುತ್ತದೆ. ಬಿಳಿ ಬಟ್ಟೆ ತೊಟ್ಟ ಮೌನಕ್ಕೆ ಕೈಮುಗಿಯುವ ನಾವು ಚಡ್ಡಿ ತೊಟ್ಟ ಮೌನಕ್ಕೆ "ಬಾಯಿ ಇಲ್ಲೇನೋ?" ಅನ್ನುತ್ತೇವೆ.

ಹಿಂದೆ ಇಂಥವರು ಇರಲಿಲ್ಲವೇ? ಬಬಲೇಶ್ವರದ ನಮ್ಮ ಸೋದರಮಾವನ ಮನೆಯಲ್ಲಿ ಒಬ್ಬ ಕಾಕಾ ಇದ್ದ. ಯಾವ ಲಗ್ನದಲ್ಲೂ ಪಂಕ್ತಿಗೆ ಕೂರಲಿಲ್ಲ. ಮಂದಿ ಸೇರಿದೊಡನೆ ದನದ ಕೊಟ್ಟಿಗೆ ಸೇರುತ್ತಿದ್ದ, ತಟ್ಟೆ ಅಲ್ಲಿಗೇ ಹೋಗುತ್ತಿತ್ತು. ಯಾವ ಎಮ್ಮೆ ಯಾವ ವಾರ ಈದದ್ದು, ಯಾವ ಬಸ್ಸು ಎಷ್ಟಕ್ಕೆ ಬರುವುದು ಎಂದು ಕೇಳಿದರೆ ತಪ್ಪದೆ ಹೇಳುತ್ತಿದ್ದ. ಅವನಿಗೇನಾಗಿತ್ತೆಂದು ಯಾರೂ ಹೆಸರಿಡಲಿಲ್ಲ. "ಅವಾ ಹಂಗ" ಅಂದರೆ ಮುಗಿಯಿತು. ಆ ಕಾಲವನ್ನು ಹೊಗಳಲು ಹೇಳುತ್ತಿಲ್ಲ. ಅವನಿಗೆ ಶಾಲೆಯಿರಲಿಲ್ಲ, ಲಗ್ನವೂ ಆಗಲಿಲ್ಲ, ಅವನಿಗೇನು ಬೇಕೆಂದು ಕೇಳಿದವರಿಲ್ಲ. ಆದರೆ ಹಳೆಯ ಮನೆಗೆ ಮೂಲೆಗಳಿದ್ದವು: ಕೊಟ್ಟಿಗೆ, ಅಟ್ಟ, ಹಿತ್ತಿಲು. ಈಗಿನ ಕಲ್ಯಾಣ ಮಂಟಪಕ್ಕೆ ಡಿಜೆ ಇದೆ, ಮೂಲೆಯಿಲ್ಲ. ಕಾನೂನಿನಲ್ಲೂ ಇಂಥವರಿಗೆ ಜಾಗ ತಡವಾಗಿಯೇ ಸಿಕ್ಕಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂಗೆ ಹೆಸರೇ ಇರಲಿಲ್ಲ. 2016ರ ಕಾಯ್ದೆಯ ಇಪ್ಪತ್ತೊಂದು ಅಂಗವೈಕಲ್ಯಗಳಲ್ಲಿ ಅದು ಸೇರಿತು, ಓದು ಬರಹದ ಕಲಿಕೆಯ ತೊಡಕೂ ಸೇರಿತು. ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ಮಕ್ಕಳು ಆ ಪಟ್ಟಿಯಲ್ಲಿಲ್ಲ. ಹಬ್ಬಕ್ಕೆ ಕರೆಯುವವರೇನೂ ಸರ್ಟಿಫಿಕೇಟ್ ಕೇಳಬೇಕಿಲ್ಲವಲ್ಲ.

ಅಕ್ಕೋರ ಮನೆಯಲ್ಲಿ ಹುಡುಗ ಒಂದು ತಾಸು ಇದ್ದ. ಅರ್ಧ ತಾಸು ಚಾಪೆಯ ಮೇಲೆ. ತಂಗಿ ಮಾತ್ರ ಕೂತು ಬಿಸಿ ಚಹಾ ಬಿಸಿಯಿರುವಾಗಲೇ ಕುಡಿದಳು.

ಮುಂದೆ ಸಂಕ್ರಾಂತಿ, ನಮ್ಮೂರ ದೇವರು ಸಿದ್ಧೇಶ್ವರನ ಜಾತ್ರೆ. ನಂದಿಕೋಲು ದೂರದಿಂದ ನೋಡಬಹುದು, ಮದ್ದು ಸುಡುವ ರಾತ್ರಿ ಸಾಧ್ಯವಿಲ್ಲ. ಅವತ್ತು ಟಿಕೋಟಾದ ಹೊಲದ ಮನೆಗೆ ಹೋಗುತ್ತೇವೆಂದು ತಂಗಿ ಹೇಳಿದಾಗ ದೊಡ್ಡವ್ವ ಎಲ್ಲರೆದುರು ಸಿಡುಕಿದಳು: "ಊರ ಜಾತ್ರಿ ಬಿಟ್ಟು ಹೊಲಕ್ಕ ಯಾರರ ಹೋಗ್ತಾರೇನವ್ವಾ?" ಮಂದಿ ಕರಗಿದ ಮೇಲೆ ಅಡುಗೆಮನೆಗೆ ಬಂದು ತಂಗಿಯ ಸೆರಗು ಜಗ್ಗಿದಳು. "ಗಾಡ್ಯಾಗ ನನಗೊಂದು ಸೀಟ್ ಹಿಡಿ. ಆ ಮದ್ದಿನ ಸಪ್ಪಳಕ್ಕ ನನ್ನ ಎದಿನೂ ಹೊಡಕೊಳ್ತೈತಿ. ಯಾರ ಮುಂದೂ ಹೇಳಬ್ಯಾಡ."