ಗಗನಚುಂಬಿಗಳ ನಡುವೆ ಚಾಪೆಯ ಹೋಟೆಲು

ಟೋಕಿಯೊ ನಗರದ ನಟ್ಟನಡುವೆ ಒತೆಮಾಚಿ ಎಂಬ ಬಡಾವಣೆಯಿದೆ. ಶೋಗುನ್‌ಗಳ ಆಳ್ವಿಕೆಯಲ್ಲಿ ಎದೊ ಕೋಟೆಯ ಹೆಬ್ಬಾಗಿಲು ಇದ್ದುದು ಇಲ್ಲಿಯೇ. ಬಡಾವಣೆಗೆ ಹೆಸರು ಬಂದದ್ದೂ ಆ ಬಾಗಿಲಿನಿಂದಲೇ. ಸಾಮಂತ ಪ್ರಭುಗಳ ಬಿಡಾರಗಳಿದ್ದ ಜಾಗದಲ್ಲಿ ಈಗ ಬ್ಯಾಂಕು, ಪತ್ರಿಕಾಲಯ, ದೊಡ್ಡ ದೊಡ್ಡ ಕಂಪನಿಗಳ ಬಹುಮಹಡಿ ಕಟ್ಟಡಗಳು ಎದ್ದು ನಿಂತಿವೆ. ಬೆಳಗಾದರೆ ಸಾಕು, ಸುರಂಗ ರೈಲಿನ ಮೆಟ್ಟಿಲುಗಳಿಂದ ಕಪ್ಪು ಸೂಟು ತೊಟ್ಟ ನೌಕರರು ಹೊಳೆಯಂತೆ ಉಕ್ಕಿ ಬರುತ್ತಾರೆ.

ಈ ಗದ್ದಲದ ನಡುವೆ 17 ಅಂತಸ್ತಿನ ಕಪ್ಪು ಬಣ್ಣದ ಒಂದು ಕಟ್ಟಡವಿದೆ. ಸುತ್ತಲಿನ ಕಟ್ಟಡಗಳ ಮುಂದೆ ಇದು ಕುಳ್ಳು. ಹೊರಮೈ ತುಂಬ ಲೋಹದ ಜಾಲರಿ. ದೂರದಿಂದ ಬರಿಯ ಜಾಲರಿಯಂತೆ ಕಂಡದ್ದು ಹತ್ತಿರ ಹೋದಾಗ ಕಿಮೊನೊ ಬಟ್ಟೆಯ ಮೇಲಿನ ಸಣ್ಣ ಸಣ್ಣ ಚಿತ್ತಾರವಾಗಿ ತೋರುತ್ತದೆ. ಇದೇ ಹೊಶಿನೋಯ ಟೋಕಿಯೊ. 2016ರ ಜುಲೈ ತಿಂಗಳಲ್ಲಿ ಬಾಗಿಲು ತೆರೆದ ಈ ಹೋಟೆಲಿನಲ್ಲಿ ಇರುವುದು 84 ಕೋಣೆಗಳು ಮಾತ್ರ. ಇಂಥ ಚಿಕ್ಕ, ತನ್ನದೇ ಗುಣವುಳ್ಳ ಐಷಾರಾಮಿ ವಸತಿಗಳಿಗೆ ಬೂಟಿಕ್ ಹೋಟೆಲು ಎನ್ನುವ ರೂಢಿಯಿದೆ. ಆದರೆ ಇದನ್ನು ನಡೆಸುವವರು ಇದನ್ನು ಹೋಟೆಲು ಎನ್ನುವುದಿಲ್ಲ; ‘ರಿಯೊಕಾನ್’ ಎನ್ನುತ್ತಾರೆ. ಅಂದರೆ ಜಪಾನಿನ ಹಳೆಯ ಪದ್ಧತಿಯ ವಸತಿಗೃಹ.

ಹೊಸ್ತಿಲಲ್ಲಿ ಪಾದರಕ್ಷೆ

ಮುಂಬಾಗಿಲು ಹಿಬಾ ಮರದ ದೊಡ್ಡ ಹಲಗೆಯದು. ಅದು ಸರಿದೊಡನೆ ಅತಿಥಿಗೆ ಎದುರಾಗುವುದು ನಮಸ್ಕಾರ. ಆಮೇಲೆ ಒಂದು ಕೋರಿಕೆ. ಪಾದರಕ್ಷೆ ಕಳಚಬೇಕು! ಕಳಚಿದ ಜೋಡನ್ನು ಸಿಬ್ಬಂದಿ ಎತ್ತಿಕೊಂಡು ಗೋಡೆಯುದ್ದಕ್ಕೂ ಜೋಡಿಸಿದ ಗೂಡುಗಳಲ್ಲಿ ಇಡುತ್ತಾರೆ. ಹೊರಗೆ ಹೊರಡುವವರೆಗೆ ಅದರ ನೆನಪು ಬೇಕಿಲ್ಲ. ಅಲ್ಲಿಂದ ಮುಂದೆ ಮೊಗಸಾಲೆ, ಓಣಿ, ಕೋಣೆ ಎಲ್ಲೆಲ್ಲೂ ತತಾಮಿ ಚಾಪೆ. ಲಿಫ್ಟಿನೊಳಗೂ ಚಾಪೆಯೇ.

ಕರ್ನಾಟಕದಿಂದ ಹೋದವರಿಗೆ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು ವಿಶೇಷವೇನಲ್ಲ. ಆದರೆ ಅಮೃತಶಿಲೆಯ ನೆಲದ ಮೇಲೆ ಬೂಟುಗಾಲಿನಲ್ಲಿ ಟಕಟಕನೆ ನಡೆಯುವುದೇ ದೊಡ್ಡ ಹೋಟೆಲಿನ ಲಕ್ಷಣವೆಂದು ಜಗತ್ತೆಲ್ಲ ನಂಬಿರುವಾಗ, ದುಬಾರಿ ಹೋಟೆಲೊಂದು ಅತಿಥಿಯನ್ನು ಬಾಗಿಲಲ್ಲೇ ಬರಿಗಾಲಾಗಿಸುವುದು ಸಣ್ಣ ಮಾತಲ್ಲ. ಟೋಕಿಯೊದ ಹೆಸರಾಂತ ಹೋಟೆಲುಗಳು ಬೇರೆ ದಾರಿ ಹಿಡಿದಿದ್ದವು. ವಿದೇಶಿ ಗಣ್ಯರಿಗಾಗಿ 1890ರಲ್ಲಿ ಆರಂಭವಾದ ಇಂಪೀರಿಯಲ್ ಹೋಟೆಲು ಪಾಶ್ಚಾತ್ಯ ಮಾದರಿಯದು. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ರೂಪಿಸಿದ ಅದರ ಹೊಸ ಕಟ್ಟಡ 1923ರಲ್ಲಿ ತೆರೆಯಿತು. 1962ರ ಒಕುರ ಹೋಟೆಲು ಜಪಾನೀ ಚಿತ್ತಾರಗಳಿಂದ ಅಂದಗೊಂಡಿತ್ತು. ಆದರೂ ಮಂಚ, ಕುರ್ಚಿ, ಬೂಟುಗಾಲಿನ ಹೋಟೆಲೇ ಆಗಿತ್ತು.

ಹೊಶಿನೋಯದಲ್ಲಿ ಪ್ರತಿ ಅಂತಸ್ತೂ ಒಂದೊಂದು ರಿಯೊಕಾನ್. ಅತಿಥಿಗಳ 14 ಅಂತಸ್ತುಗಳಲ್ಲಿ ತಲಾ ಆರು ಕೋಣೆ, ನಡುವೆ ಒಂದು ‘ಒಚಾನೊಮ’. ಇದನ್ನು ಚಹಾದ ನಡುಮನೆ ಎನ್ನಬಹುದು. ಆ ಆರು ಕೋಣೆಗಳವರು ಯಾವ ಹೊತ್ತಿನಲ್ಲಾದರೂ ಯುಕಾತ ಉಟ್ಟುಕೊಂಡೇ ಬಂದು ಕೂರಬಹುದು, ಚಹಾ ಕುಡಿಯಬಹುದು. ಹದಿನಾಲ್ಕು ಹಳ್ಳಿಮನೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಹೇಗೋ ಹಾಗೆ.

ಚಾಪೆಯ ಲೆಕ್ಕ

ಜಪಾನಿನಲ್ಲಿ ಕೋಣೆಯ ವಿಸ್ತಾರವನ್ನು ಚಾಪೆಯಲ್ಲಿ ಅಳೆಯುವ ರೂಢಿ. ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಒಂದು ತತಾಮಿ ಸುಮಾರು 180 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಊರಿಂದ ಊರಿಗೆ ಈ ಅಳತೆ ತುಸು ಬದಲಾಗುತ್ತದೆ. ಹಳೆಯ ಕ್ರಮದಲ್ಲಿ ಅದರ ಒಡಲು ಒತ್ತಿ ಹೊಲಿದ ಭತ್ತದ ಹುಲ್ಲು. ಮೇಲುಹೊದಿಕೆ ಇಗುಸ ಎಂಬ ಜೊಂಡಿನ ಜಾತಿಯ ಗಿಡದ ದಂಟಿನ ನೇಯ್ಗೆ. ಈ ದಂಟಿನ ತಿರುಳು ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಗಾಳಿ ಒದ್ದೆಯಾಗಿದ್ದಾಗ ತೇವ ಹೀರಿಕೊಂಡು, ಒಣಗಿದಾಗ ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಬೆವರು ಆರದಂಥ ಜಪಾನಿನ ಹವೆಗೆ ಹಿರಿಯರು ಕಂಡುಕೊಂಡ ಉಪಾಯವಿದು.

ಕೋಣೆಯೊಳಗೆ ಕಣ್ಣು ಕುಕ್ಕುವ ವಸ್ತುಗಳಿಲ್ಲ. ನೆಲಕ್ಕೆ ಹತ್ತಿರವಾದ ಹಾಸಿಗೆ, ತಗ್ಗಿನ ಆಸನ, ಕಿಟಕಿಗೆ ಶೋಜಿ ಎಂಬ ಕಾಗದದ ಸರಿಬಾಗಿಲು. ಗಾಜಿನಲ್ಲಿ ಬೆಳಕು ನೇರವಾಗಿ ತೂರಿ ಬರುತ್ತದೆ. ಕಾಗದದಲ್ಲಿ ನಾರುಗಳಿಗೆ ತಗುಲಿ ಎಲ್ಲ ದಿಕ್ಕಿಗೂ ಚದರುತ್ತದೆ. ಮೋಡ ಕವಿದ ದಿನ ನೆರಳು ಗಾಢವಾಗಿ ಬೀಳದಿರುವುದಕ್ಕೂ ಇದೇ ಕಾರಣ. ಶೋಜಿ ಎಳೆದರೆ ಎದುರಿನ ಕಚೇರಿ ಕಟ್ಟಡ ಮರೆಯಾಗಿ, ಹಾಲಿನಂಥ ಬೆಳಕು ಮಾತ್ರ ಉಳಿಯುತ್ತದೆ.

ನೆಲದೊಳಗಿನ ಕಡಲು

ಹೋಟೆಲಿನ ದೊಡ್ಡ ಆಕರ್ಷಣೆ ಇರುವುದು 17ನೇ ಅಂತಸ್ತಿನಲ್ಲಿ. ಅಲ್ಲಿರುವುದು ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನಗೃಹ. ಜ್ವಾಲಾಮುಖಿಯ ಸುಳಿವೇ ಇಲ್ಲದ ಒತೆಮಾಚಿಯಲ್ಲಿ ಬುಗ್ಗೆ ಎಲ್ಲಿಂದ ಬಂತು?

ನೆಲದಡಿ 1,500 ಮೀಟರ್ ಆಳದವರೆಗೆ ಕೊರೆದು ತೆಗೆದ ನೀರು ಅದು. ಭೂಮಿಯಲ್ಲಿ ಕೆಳಗಿಳಿದಂತೆ ಕಾವು ಏರುತ್ತದೆ. ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ಜಾಗದಿಂದ ಜಾಗಕ್ಕೆ ಇದು ಹೆಚ್ಚುಕಡಿಮೆಯಾಗುತ್ತದೆ. ಹಾಗಾಗಿ ಬೇಕಾದಷ್ಟು ಆಳಕ್ಕೆ ಹೋದರೆ ಜ್ವಾಲಾಮುಖಿಯ ಹಂಗಿಲ್ಲದೆಯೂ ಬೆಚ್ಚನೆಯ ನೀರು ಸಿಗಬಹುದು. ಜಪಾನಿನ 1948ರ ಒನ್ಸೆನ್ ಕಾಯಿದೆಯ ಪ್ರಕಾರ ನೀರು ಹೊರಬರುವಾಗ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಇಲ್ಲವೇ ಗೊತ್ತುಪಡಿಸಿದ ಖನಿಜಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು.

ಒತೆಮಾಚಿಯ ನೀರು ನಾಲಿಗೆಗೆ ಉಪ್ಪು. ಟೋಕಿಯೊ ಹರಡಿರುವ ಕಾಂತೊ ಬಯಲು ಒಂದು ಕಾಲಕ್ಕೆ ಕಡಲಿನ ತಳ. ಹೂಳಿನ ಪದರಗಳ ನಡುವೆ ಸಿಕ್ಕಿಕೊಂಡ ಪುರಾತನ ಕಡಲ ನೀರು ಇಂದಿಗೂ ಅಲ್ಲಿ ಉಳಿದಿದೆ. ಉಪ್ಪುನೀರಿನಲ್ಲಿ ಮೈ ಹೆಚ್ಚು ಹಗುರವಾಗಿ ತೇಲುತ್ತದೆ. ಸ್ನಾನದ ಮೇಲೆ ಚರ್ಮಕ್ಕೆ ಅಂಟಿದ ಲವಣ ಬೆವರು ಬೇಗ ಆರದಂತೆ ತಡೆಯುವುದರಿಂದ ಬಿಸುಪು ಬಹಳ ಹೊತ್ತು ನಿಲ್ಲುತ್ತದೆ ಎನ್ನುತ್ತಾರೆ.

ತೊಟ್ಟಿಗೆ ಇಳಿಯುವ ಮುನ್ನ ಪುಟ್ಟ ಮಣೆಯ ಮೇಲೆ ಕೂತು ಮೈ ಉಜ್ಜಿ ತೊಳೆದುಕೊಳ್ಳಬೇಕು. ತೊಟ್ಟಿ ಇರುವುದು ಕೊಳೆ ಕಳೆಯಲಿಕ್ಕಲ್ಲ, ದಣಿವು ಕಳೆಯಲಿಕ್ಕೆ. ಒಳತೊಟ್ಟಿಯಿಂದ ಹೊರತೊಟ್ಟಿಗೆ ಹೋದರೆ ಸುತ್ತ ಎತ್ತರದ ಗೋಡೆ, ತಲೆಯ ಮೇಲೆ ಬಯಲು ಆಕಾಶ. ಕೆಳಗೆ ಕೋಟಿಗಟ್ಟಲೆ ಯೆನ್ ಕೈಬದಲಾಗುತ್ತಿರುವ ಬೀದಿ ಅಲ್ಲಿ ಕಾಣುವುದಿಲ್ಲ.

ಹಾದಿಹೋಕರ ಬಿಡಾರ

ಇಷ್ಟೆಲ್ಲದರ ಬೆಲೆ? ಕೋಣೆಗೆ ಒಂದು ರಾತ್ರಿಗೆ ಒಂದು ಲಕ್ಷ ಯೆನ್ನಿಗೂ ಮಿಕ್ಕು; ಎಂದರೆ ಅರ್ಧ ಲಕ್ಷ ರೂಪಾಯಿಯ ಮೇಲೆ. ಊಟದ ಲೆಕ್ಕ ಬೇರೆ.

ವಿಚಿತ್ರವೆಂದರೆ, ಚಾಪೆ, ಬಿಸಿನೀರು, ಚಹಾ, ಬರಿಯ ಕೋಣೆ ಇವೆಲ್ಲ ಒಂದು ಕಾಲಕ್ಕೆ ಸಾಮಾನ್ಯ ಹಾದಿಹೋಕರ ಸೊತ್ತು. ಒತೆಮಾಚಿಯಿಂದ ಕಾಲ್ನಡಿಗೆಯ ದೂರದಲ್ಲಿರುವ ನಿಹೊನ್‌ಬಾಶಿ ಸೇತುವೆಯಿಂದ ಕ್ಯೋಟೊವರೆಗೆ ತೊಕೈದೊ ಹೆದ್ದಾರಿ ಹೊರಡುತ್ತಿತ್ತು. ಸುಮಾರು 500 ಕಿಲೋಮೀಟರ್ ದಾರಿ, 53 ತಂಗುದಾಣ. ಅಲ್ಲಿನ ‘ಹತಾಗೊ’ಗಳಲ್ಲಿ ಊಟ, ಸ್ನಾನ, ಮಲಗಲು ಚಾಪೆ ಸಿಗುತ್ತಿದ್ದವು. ಅಷ್ಟೂ ಕೊಡಲಾಗದ ಬಡವರಿಗೆ ‘ಕಿಚಿನ್‌ಯಾದೊ’ ಇತ್ತು. ಅಲ್ಲಿ ಸೌದೆಯ ಹಣ ಕೊಟ್ಟು ತಮ್ಮ ಅಕ್ಕಿಯನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರು.

ಆ ಪರಂಪರೆಯ ಕುಡಿಗಳು ಈಗ ಬಾಡುತ್ತಿವೆ. 1980ರ ಸುಮಾರಿಗೆ ಜಪಾನಿನಲ್ಲಿ 80 ಸಾವಿರಕ್ಕೂ ಹೆಚ್ಚು ರಿಯೊಕಾನ್‌ಗಳಿದ್ದವು. 2017ರ ವೇಳೆಗೆ ಅವು 40 ಸಾವಿರಕ್ಕಿಂತ ಕೆಳಗಿಳಿದಿದ್ದವು. ಮುದಿ ಯಜಮಾನರು, ಊರು ಬಿಟ್ಟ ಮಕ್ಕಳು, ಹೆಗಲೇರಿದ ಸಾಲ, ಅಗ್ಗದ ಹೋಟೆಲುಗಳ ಪೈಪೋಟಿ, ಹೀಗೆ ಕಾರಣಗಳು ಹಲವು. ಹೊಶಿನೊ ಮನೆತನವೂ 1914ರಲ್ಲಿ ಕರುಇಜಾವ ಎಂಬ ಗುಡ್ಡಗಾಡಿನ ಊರಿನಲ್ಲಿ ರಿಯೊಕಾನ್ ತೆರೆದದ್ದೇ. 1991ರಲ್ಲಿ ಹೊಣೆ ಹೊತ್ತ ನಾಲ್ಕನೇ ತಲೆಮಾರಿನ ಯೊಶಿಹರು ಹೊಶಿನೊ ಆ ಒಂದು ವಸತಿಯನ್ನು ದೊಡ್ಡ ಉದ್ಯಮವಾಗಿ ಬೆಳೆಸಿದರು. ಗುಡ್ಡದ ರಿಯೊಕಾನ್ ಮಹಾನಗರದಲ್ಲೂ ಬಾಳಬಲ್ಲದೆಂದು ತೋರಿಸಲು ಒತೆಮಾಚಿಗೆ ಬಂದರು.

ಬಾಳಿದೆ, ನಿಜ. ಆದರೆ ಯಾರಿಗಾಗಿ? ಟೋಕಿಯೊದ ಹೊಸ ಮನೆಗಳಲ್ಲಿ ತತಾಮಿ ಕೋಣೆ ಅಪರೂಪವಾಗುತ್ತಿದೆ. ಹೆಚ್ಚಿನ ಇಗುಸ ಬೆಳೆಯುವ ಕುಮಾಮೊತೊ ಪ್ರಾಂತದಲ್ಲಿ ಬೆಳೆಗಾರರು ಬಹಳ ಕಡಿಮೆಯಾಗಿದ್ದಾರೆ. ಎಲ್ಲರ ಮನೆಯಲ್ಲಿದ್ದ ವಸ್ತು ಮರೆಯಾಗತೊಡಗಿದಾಗಲೇ ಅದು ಐಷಾರಾಮವಾಗುತ್ತದೆ. ಓಣಿ, ಲಿಫ್ಟು ಬಿಡದೆ ಚಾಪೆ ಹಾಸುವ ಹೋಟೆಲು ಬೆಳೆಗಾರನಿಗೆ ಆಸರೆಯೇ ಸರಿ. ಆದರೂ 84 ಕೋಣೆಗಳ ಚಾಪೆ ಕೋಟ್ಯಂತರ ಮನೆಗಳ ಚಾಪೆಗೆ ಸಾಟಿಯಾಗದು.

ಲಕ್ಷ ಯೆನ್ ಇಲ್ಲದವರು ನಿರಾಶರಾಗಬೇಕಿಲ್ಲ. ಟೋಕಿಯೊದ ಬೀದಿಗಳಲ್ಲಿ ‘ಸೆಂತೊ’ ಎಂಬ ಸಾರ್ವಜನಿಕ ಸ್ನಾನಗೃಹಗಳು ಇನ್ನೂ ಇವೆ. ಅವುಗಳ ದರವನ್ನು ನಗರಾಡಳಿತವೇ ನಿಗದಿಪಡಿಸುತ್ತದೆ. 2024ರ ಆಗಸ್ಟ್‌ನಲ್ಲಿ ಅದು 550 ಯೆನ್ ಆಯಿತು. ಓತಾ ಎಂಬ ವಾರ್ಡಿನ ಕೆಲವು ಸೆಂತೊಗಳಲ್ಲಿ ನೆಲದಿಂದಲೇ ಎತ್ತಿದ ಕಪ್ಪು ನೀರು ಸಿಗುತ್ತದೆ. ಪುರಾತನ ಸಸ್ಯಗಳು ಕೊಳೆತು ಕೊಟ್ಟ ಬಣ್ಣ ಅದು. ಕಾನೂನಿನ ಕಣ್ಣಿನಲ್ಲಿ ಅದೂ ಒನ್ಸೆನ್. ಅಲ್ಲಿ ಅಕ್ಕಪಕ್ಕ ಕೂತು ಮೈ ಉಜ್ಜಿಕೊಳ್ಳುವವರು ತರಕಾರಿ ಅಂಗಡಿಯವರು, ನಿವೃತ್ತರು, ಅಜ್ಜನ ಕೈಹಿಡಿದು ಬಂದ ಮಕ್ಕಳು. ಆದರೆ 1968ರಲ್ಲಿ 2,600ಕ್ಕೂ ಮಿಕ್ಕಿದ್ದ ಟೋಕಿಯೊದ ಸೆಂತೊಗಳು ಈಗ ಐನೂರಕ್ಕಿಂತ ಕಡಿಮೆ. ಒತೆಮಾಚಿಯ ಮಾಳಿಗೆಯ ತೊಟ್ಟಿಯನ್ನು ಹಣವಂತರು ಉಳಿಸಿಕೊಳ್ಳುತ್ತಾರೆ. ಬೀದಿಯ ತೊಟ್ಟಿ ಉಳಿಯಬೇಕಾದರೆ ನೆರೆಹೊರೆಯವರು ದಿನವೂ ಹೆಗಲಿಗೆ ಟವೆಲು ಹಾಕಿಕೊಂಡು ಹೋಗುತ್ತಲೇ ಇರಬೇಕು.